ಎರೆಭೂಮಿಯಲ್ಲಿ ವರ್ಷವೂ ತೊಗರಿಯೇ: ನಡುವೆ ಯಾವ ಎಣ್ಣೆಕಾಳು ತರಬೇಕು?

ಆಳಂದ ಎರೆಹೊಲ:
ನಮ್ಮದು ಆಳಂದ ತಾಲ್ಲೂಕಿನಲ್ಲಿ 12 ಎಕರೆ ಆಳವಾದ ಎರೆಭೂಮಿ, ಅಂದರೆ ಕಪ್ಪು ಮಣ್ಣಿನ ಹೊಲ. ನೀರಾವರಿಯ ಅನುಕೂಲವಿಲ್ಲ, ಮಳೆಯೇ ಆಧಾರ. ತಂದೆಯವರ ಕಾಲದಲ್ಲಿ ಹೊಲದ ಒಂದು ಪಾಲಿಗೆ ಜೋಳ, ಇನ್ನೊಂದು ಪಾಲಿಗೆ ತೊಗರಿ, ನಡುನಡುವಿನ ಅಕ್ಕಡಿ (ಮಿಶ್ರಬೆಳೆ) ಸಾಲುಗಳಿಗೆ ಕುಸುಬೆ ಮತ್ತು ಅಗಸೆ ಬೀಳುತ್ತಿದ್ದವು. ಒಕ್ಕಲುತನ ನನ್ನ ಕೈಗೆ ಬಂದ ಮೇಲೆ ಹೊಲ ಪೂರ್ತಿ ತೊಗರಿಯಾಗಿದೆ. ಈಗ ಹೂವು ಬಿಡುವ ಹೊತ್ತಿಗೆ ಹೊಲದ ನಡುನಡುವೆ ಗಿಡಗಳು ಗುಂಪುಗುಂಪಾಗಿ ಒಣಗುತ್ತಿವೆ, ಮತ್ತು ಹೋದ ವರ್ಷ ಒಣಗಿದ ಜಾಗ ಈ ವರ್ಷ ಇನ್ನಷ್ಟು ಅಗಲವಾಗಿದೆ. ಬಿತ್ತಿದ್ದು ಟಿ.ಎಸ್-3ಆರ್ ತಳಿ. ಬೇಳೆಕಾಳಿನ ನಂತರ ಎಣ್ಣೆಕಾಳು ಹಾಕಿರಿ ಎಂದು ಎಲ್ಲರೂ ಹೇಳುತ್ತಾರೆ. ಯಾವ ಎಣ್ಣೆಕಾಳು, ಯಾವ ಹಂಗಾಮಿನಲ್ಲಿ, ಎಷ್ಟು ವರ್ಷ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಸ್ವತಃ ಬೆಳೆದವರು ದಯವಿಟ್ಟು ವಿವರವಾಗಿ ಬರೆಯಿರಿ.

ರೋಣದ ಕಡಲೆ:
ತೊಗರಿಯನ್ನು ಒಂದು ವರ್ಷ ಬಿಟ್ಟು ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಹಾಕಿರಿ. ಗದಗ ಸೀಮೆಯ ಎರೆಯಲ್ಲಿ ಇದೇ ಪದ್ಧತಿ ನಡೆದಿದೆ, ಒಂದೇ ವರ್ಷದಲ್ಲಿ ಎರಡು ಫಸಲು ಕೈಗೆ ಬರುತ್ತವೆ.

ಸಿಂದಗಿ ಬಿಳಿಜೋಳ:
ರೋಣದ ಅಣ್ಣನವರೇ, ತೊಗರಿಯ ನಂತರ ಹೆಸರು, ಹೆಸರಿನ ನಂತರ ಕಡಲೆ ಎಂದರೆ ಮೂರೂ ಬೇಳೆಕಾಳುಗಳೇ ಆದವಲ್ಲ. ಅದನ್ನು ಬೆಳೆ ಪರಿವರ್ತನೆ ಎಂದು ಹೇಗೆ ಒಪ್ಪುವುದು?

ಸಸ್ಯರೋಗ ಅಧ್ಯಯನ:
ಪರಿವರ್ತನೆ ಹೌದೋ ಅಲ್ಲವೋ ಎಂಬುದು ಹೊಲದಲ್ಲಿರುವ ರೋಗ ಯಾವುದು ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಆಳಂದದ ಅಣ್ಣನವರು ಬೆಳೆ ಬದಲಿಸುವ ಮೊದಲು ಒಣಗಿದ ಗಿಡವನ್ನು ಬೇರುಸಮೇತ ಕಿತ್ತು, ಕಾಂಡವನ್ನು ಬುಡದಿಂದ ಮೇಲಕ್ಕೆ ಸೀಳಿ ನೋಡಬೇಕು.

ತೊಗಟೆಯ ಮೇಲೆ ಬುಡದಿಂದ ಏರಿದ ನೇರಳೆ ಪಟ್ಟಿ, ಸೀಳಿದ ಕಾಂಡದೊಳಗೆ ಕಂದು ಅಥವಾ ಕಪ್ಪು ಗೆರೆಗಳು ಕಂಡರೆ ಅದು ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರದಿಂದ ಬರುವ ನೆಟೆ ರೋಗ. ಇದು ತೊಗರಿಯ ಕೂಳೆ (ಕೊಯ್ದ ಮೇಲೆ ಉಳಿಯುವ ಬುಡ) ಮತ್ತು ಬೇರಿನ ತುಣುಕುಗಳಲ್ಲಿ ಹಲವು ವರ್ಷ ಜೀವಂತವಾಗಿ ಉಳಿಯುತ್ತದೆ. ಅದಕ್ಕೇ ನಿಮ್ಮ ಒಣಗಿದ ಜಾಗ ವರ್ಷವರ್ಷ ಹಿಗ್ಗುತ್ತಿರಬಹುದು. ಇದಕ್ಕೆ ಬದಲಾಗಿ ಬೇರಿನ ತೊಗಟೆ ಚೂರುಚೂರಾಗಿ ಸುಲಿದು ಬಂದು, ಒಳಗೆ ಸಾಸಿವೆಗಿಂತಲೂ ಸಣ್ಣ ಕಪ್ಪು ಕಣಗಳು ಕಂಡರೆ ಅದು ಮ್ಯಾಕ್ರೋಫೋಮಿನಾ ಶಿಲೀಂಧ್ರದ ಒಣ ಬೇರು ಕೊಳೆ. ನೀರು ನಿಲ್ಲುವ ತಗ್ಗಿನಲ್ಲಿ ಮಾತ್ರ ಎಳೆಯ ಗಿಡಗಳ ಕಾಂಡದ ಮೇಲೆ ಕಪ್ಪು ಗಾಯವಾಗಿ ಗಿಡ ಮುರಿದು ಬೀಳುತ್ತಿದ್ದರೆ ಅದು ಫೈಟಾಫ್ಥೊರಾ ಅಂಗಮಾರಿ, ಅದಕ್ಕೆ ಮೊದಲ ಮದ್ದು ಬಸಿಗಾಲುವೆ.

ಈ ವ್ಯತ್ಯಾಸವೇ ಪರಿವರ್ತನೆಯನ್ನು ನಿರ್ಧರಿಸುತ್ತದೆ. ತೊಗರಿಯ ನೆಟೆ ರೋಗದ ಶಿಲೀಂಧ್ರ ತೊಗರಿಯನ್ನೇ ಹಿಡಿಯುತ್ತದೆ. ಕಡಲೆಯ ಸೊರಗು ರೋಗಕ್ಕೆ ಕಾರಣ ಬೇರೆ ಫ್ಯುಸೇರಿಯಂ. ಹಾಗಾಗಿ ರೋಗ ನೆಟೆಯೇ ಆಗಿದ್ದರೆ ರೋಣದವರ ಸಲಹೆಯಲ್ಲಿ ತಪ್ಪಿಲ್ಲ. ಒಣ ಬೇರು ಕೊಳೆಯಾಗಿದ್ದರೆ ಮಾತ್ರ ಸಂಗತಿ ಬೇರೆ: ಅದು ತೊಗರಿ, ಕಡಲೆ, ಹೆಸರುಗಳನ್ನು ಹಿಡಿಯುವಂತೆಯೇ ಎಳ್ಳು, ಸೂರ್ಯಕಾಂತಿ, ಶೇಂಗಾಗಳನ್ನೂ ಹಿಡಿಯುತ್ತದೆ; ಬರ ಬಿದ್ದ ವರ್ಷ ಹಿಂಗಾರಿ ಜೋಳದ ಕಾಂಡವನ್ನೂ ಒಳಗಿನಿಂದ ಕಪ್ಪಾಗಿಸಿ ಮಲಗಿಸುತ್ತದೆ. ಬೇಳೆಕಾಳಿನ ನಂತರ ಎಣ್ಣೆಕಾಳು ಎಂಬ ಸೂತ್ರವೊಂದನ್ನೇ ನಂಬಿ ಅದರಿಂದ ಪಾರಾಗಲು ಸಾಧ್ಯವಿಲ್ಲ.

ಆಳಂದ ಎರೆಹೊಲ:
ಇಂದು ಮಧ್ಯಾಹ್ನ ಮೂರು ಕಡೆಯ ಗಿಡಗಳನ್ನು ಕಿತ್ತು ಸೀಳಿದೆ. ಎರಡು ಕಡೆ ನೇರಳೆ ಪಟ್ಟಿ ಮತ್ತು ಕಪ್ಪು ಗೆರೆಗಳು ಸ್ಪಷ್ಟವಾಗಿವೆ. ಮೂರನೆಯ ಕಡೆ, ಮಣ್ಣು ತೆಳುವಾಗಿರುವ ದಿಬ್ಬದಲ್ಲಿ, ಬೇರಿನ ತೊಗಟೆ ಕೈಗೇ ಸುಲಿದು ಬಂತು. ಅಂದರೆ ಎರಡೂ ಇವೆಯೇ?

ಸಸ್ಯರೋಗ ಅಧ್ಯಯನ:
ಎರಡೂ ಇರುವ ಸಾಧ್ಯತೆ ಹೆಚ್ಚು. ಗಿಡಗಳನ್ನು ಕಾಗದದಲ್ಲಿ ಸುತ್ತಿ ನಿಮ್ಮ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ಖಚಿತಪಡಿಸಿಕೊಳ್ಳಿ; ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಕೊಳೆತು ಗುರುತು ಸಿಗುವುದಿಲ್ಲ. ಟಿ.ಎಸ್-3ಆರ್ ನೆಟೆ ರೋಗವನ್ನು ತಡೆದುಕೊಳ್ಳುವ ತಳಿಯೆಂದೇ ಹೆಸರಾದದ್ದು. ಅದರಲ್ಲೂ ಗಿಡಗಳು ಹೀಗೆ ಒಣಗುತ್ತಿದ್ದರೆ ಬೀಜ ಎಲ್ಲಿಂದ ಬಂತು ಎಂದು ಕೇಳಬೇಕಾಗುತ್ತದೆ.

ಆಳಂದ ಎರೆಹೊಲ:
ಬೀಜ ಮನೆಯದೇ. ಪ್ರತಿ ವರ್ಷ ರಾಶಿಯಲ್ಲಿ ಚೆನ್ನಾಗಿ ಕಂಡದ್ದನ್ನು ತೆಗೆದಿಡುತ್ತೇವೆ.

ಸಸ್ಯರೋಗ ಅಧ್ಯಯನ:
ತೊಗರಿಯಲ್ಲಿ ದುಂಬಿ, ಜೇನುನೊಣಗಳ ಮೂಲಕ ಪರಕೀಯ ಪರಾಗಸ್ಪರ್ಶ ಸಾಕಷ್ಟು ನಡೆಯುತ್ತದೆ. ಪಕ್ಕದ ಹೊಲದ ಬೇರೆ ತಳಿಯ ಪರಾಗ ಸೇರಿ, ಕೆಲವು ವರ್ಷಗಳಲ್ಲಿ ಮನೆಯ ಬೀಜ ತನ್ನ ತಡೆಗುಣವನ್ನು ಕಳೆದುಕೊಳ್ಳುತ್ತದೆ. ಮತ್ತೆ ತೊಗರಿಗೆ ಮರಳುವ ವರ್ಷ ಪ್ರಮಾಣಿತ ಬೀಜವನ್ನೇ ತನ್ನಿ.

ಸಿಂದಗಿ ಬಿಳಿಜೋಳ:
ಈಗ ನನ್ನ ಮಾತಿಗೆ ಬರುತ್ತೇನೆ. ಆಳಂದದವರಿಗೆ ನಾನು ಹೇಳುವ ಎಣ್ಣೆಕಾಳು ಕುಸುಬೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ಪಾಲಿನೊಳಗೆ, ಉತ್ತರೆ ಮತ್ತು ಹಸ್ತ ಮಳೆಯ ಹಸಿಯಲ್ಲಿ ಬಿತ್ತಿದರೆ ಆಮೇಲೆ ಒಂದು ಹನಿ ಬೀಳದಿದ್ದರೂ ಎರೆಯ ಆಳದ ತೇವವನ್ನು ಎಳೆದುಕೊಂಡು ಬೆಳೆಯುವ ಬೆಳೆ ಅದು. ಮುಂಚೆ ಬಿತ್ತಿದರೆ ಮಳೆಗೆ ಸಿಕ್ಕಿ ಎಲೆಚುಕ್ಕೆ ರೋಗ ಬರುತ್ತದೆ, ತಡ ಮಾಡಿದರೆ ಸಸ್ಯಹೇನು ಮುತ್ತುತ್ತದೆ. ಆ ನಡುವಿನ ಕೆಲವು ದಿನಗಳನ್ನು ಬಿಡಬಾರದು. ಅಣ್ಣಿಗೇರಿ-1 ತಳಿ ನಮ್ಮ ಸೀಮೆಗೆ ಹಳೆಯ ಪರಿಚಯದ್ದು. ಜೂನ್‌ನಲ್ಲಿಯೇ ಇಳಿಜಾರಿಗೆ ಅಡ್ಡಲಾಗಿ ಕುಂಟೆ ಹೊಡೆದು, ಹೊಲದಲ್ಲಿ ಸಣ್ಣ ಬದುಗಳ ಚೌಕು ಮಡಿ ಮಾಡಿ ಬಿಟ್ಟರೆ ಮುಂಗಾರಿನ ನೀರೆಲ್ಲ ಅಲ್ಲಲ್ಲೇ ಇಂಗುತ್ತದೆ. ಇದನ್ನು ಮಾಡದೆ ಹಿಂಗಾರಿ ಬೆಳೆಯನ್ನು ಬಯ್ಯುವವರೇ ಹೆಚ್ಚು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕುಸುಬೆಯ ಬೇರು ಆಳದ ತೇವವನ್ನು ಬರಿದು ಮಾಡುತ್ತದೆ. ಮರುವರ್ಷ ಮುಂಗಾರು ಕೈಕೊಟ್ಟರೆ ಆಳದ ಬೇರಿನ ತೊಗರಿಗೆ ಅದರ ಕೊರತೆ ತಟ್ಟುತ್ತದೆ. ಆದ್ದರಿಂದ ಕುಸುಬೆಯ ಮರುವರ್ಷ ತೊಗರಿಗೆ ಹೋಗದೆ ಹೆಸರು ಅಥವಾ ಉದ್ದಿನಂತಹ ಅಲ್ಪಾವಧಿ ಬೆಳೆ ಹಾಕುವುದು ಲೇಸು.

ಸೇಡಂ ಅಕ್ಕ:
ಕುಸುಬೆಯ ಗುಣಗಾನ ಮಾಡುವವರೆಲ್ಲ ಗಂಡಸರೇ ಆಗಿದ್ದೀರಿ, ಆದ್ದರಿಂದ ನಾನು ಈ ಮಾತು ಬರೆಯಬೇಕಾಗಿದೆ. ಕುಸುಬೆಯ ಮುಳ್ಳಿನಲ್ಲಿ ಕೊಯ್ಲು ಮಾಡುವವರು ಹೆಣ್ಣುಮಕ್ಕಳು. ಇಬ್ಬನಿಯಿಂದ ಮುಳ್ಳು ಮೆತ್ತಗಿರುವ ನಸುಕಿನಲ್ಲಿ ಎದ್ದು ಹೋಗಬೇಕು, ಬಿಸಿಲೇರಿದ ಮೇಲೆ ಕೈ ಹಾಕಲಾಗುವುದಿಲ್ಲ, ಕೈಕಾಲಿಗೆ ಬಟ್ಟೆ ಸುತ್ತಿಕೊಂಡರೂ ತರಚುಗಾಯ ತಪ್ಪುವುದಿಲ್ಲ. ನಮ್ಮೂರಿನಲ್ಲಿ ತೊಗರಿ ಕೊಯ್ಲಿಗೆ ಬರುವ ಆಳು ಅದೇ ಕೂಲಿಗೆ ಕುಸುಬೆಗೆ ಬರುವುದಿಲ್ಲ. ಕುಸುಬೆ ಮರೆಯಾದದ್ದಕ್ಕೆ ಬೆಲೆಯಷ್ಟೇ ಇದೂ ಕಾರಣ, ಇದನ್ನು ಯಾವ ಸಭೆಯಲ್ಲಿಯೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸಿಂದಗಿ ಬಿಳಿಜೋಳ:
ಅಕ್ಕನವರ ಮಾತು ಪೂರ್ತಿ ನಿಜ, ನಾನು ಇದನ್ನು ಮೊದಲೇ ಬರೆಯಬೇಕಿತ್ತು. ಈಗ ಕಡಲೆ, ಜೋಳ ಕಟಾವಿಗೆ ಬರುವ ದೊಡ್ಡ ಯಂತ್ರಗಳೇ ಕುಸುಬೆಯನ್ನೂ ಕೊಯ್ದು ರಾಶಿ ಮಾಡಿಕೊಡುತ್ತವೆ. ಅರ್ಧ ಎಕರೆಗೆ ಯಂತ್ರ ಬರುವುದಿಲ್ಲ, ನಾಲ್ಕೈದು ಎಕರೆ ಒಂದೇ ಕಡೆ ಇರಬೇಕು. ಹೀಗಾಗಿ ಅಕ್ಕಡಿ ಸಾಲಿನ ಕುಸುಬೆಗಿಂತ ಇಡೀ ಪಟ್ಟಿಯ ಕುಸುಬೆಯೇ ಇಂದಿನ ಕಾಲಕ್ಕೆ ಹೊಂದುತ್ತದೆ. ಮುಳ್ಳಿಲ್ಲದ ತಳಿಗಳೂ ಇವೆ. ಅವನ್ನು ಹಾಕಿದರೆ ದನ ಮತ್ತು ಜಿಂಕೆಗಳಿಂದ ಕಾಯುವ ಕೆಲಸ ಹೆಚ್ಚುತ್ತದೆ.

ಎಣ್ಣೆ ಗಾಣ, ಬಸವಕಲ್ಯಾಣ:
ನಾನು ಬೆಳೆಗಾರನಲ್ಲ, ಗಾಣ ನಡೆಸುವವನು. ಕುಸುಬೆ ಕಾಳಿನಲ್ಲಿ ಎಣ್ಣೆಯ ಅಂಶ ಹೆಚ್ಚುಕಡಿಮೆ ಶೇಕಡಾ 30. ಸೂರ್ಯಕಾಂತಿಯಲ್ಲಿ ಅದಕ್ಕಿಂತ ಹೆಚ್ಚು. ಕುಸುಬೆ ಎಣ್ಣೆಗೆ ಗಿರಾಕಿಗಳು ಈಗ ಕೇಳಿಕೊಂಡು ಬರುತ್ತಿದ್ದಾರೆ, ಕಾಳೇ ಸಾಲುತ್ತಿಲ್ಲ. ಐದಾರು ಮಂದಿ ರೈತರು ಕೂಡಿ ಬೆಳೆದು ಸ್ವಚ್ಛ ಮಾಡಿ ತಂದರೆ ನಮ್ಮಂಥವರು ನೇರವಾಗಿ ಕೊಳ್ಳುತ್ತೇವೆ. ಅಗಸೆಯ ಮಾತೂ ಹೀಗೆಯೇ. ಚಟ್ನಿಪುಡಿ ಮಾಡುವ ಮಹಿಳಾ ಸಂಘಗಳು ವರ್ಷವಿಡೀ ಕೇಳುತ್ತವೆ.

ಜೇವರ್ಗಿ ಲಾವಣಿ:
ಗಾಣದವರು ಐದು ಚೀಲ ಕೊಳ್ಳಬಹುದು, ಐವತ್ತು ಚೀಲ ತಂದರೆ ಏನು ಮಾಡುತ್ತೀರಿ? ಲೆಕ್ಕ ಹೀಗಿದೆ: 2025-26ರ ತೊಗರಿಗೆ ಕ್ವಿಂಟಲ್‌ಗೆ 8,000 ರೂಪಾಯಿ ಬೆಂಬಲ ಬೆಲೆ. ಹಿಂಗಾರಿನಲ್ಲಿ 2026-27ರ ಮಾರಾಟ ವರ್ಷಕ್ಕೆ ಕುಸುಬೆಗೆ 6,540, ಕಡಲೆಗೆ 5,875. ಅಗಸೆಯಂತೂ ಬೆಂಬಲ ಬೆಲೆಯ ಪಟ್ಟಿಯಲ್ಲಿಯೇ ಇಲ್ಲ. ಕುಸುಬೆಗೆ ಬೆಲೆ ಘೋಷಣೆಯಾದರೂ ನಮ್ಮ ಭಾಗದಲ್ಲಿ ಅದನ್ನು ಕೊಳ್ಳುವ ಕೇಂದ್ರ ತೆರೆದದ್ದನ್ನು ನಾನು ನೋಡಿಲ್ಲ, ತೊಗರಿಗೆ ಮಾತ್ರ ಸಾಲು ನಿಲ್ಲುತ್ತದೆ. ಇದರ ಮೇಲೆ ಇನ್ನೊಂದು ಸಂಗತಿ: ನಾನು ಉಳುವ ಭೂಮಿಯಲ್ಲಿ ಹೆಚ್ಚಿನದು ವರ್ಷದ ಲಾವಣಿಯದು, ಅಂದರೆ ಗುತ್ತಿಗೆಯದು. ಮುಂದಿನ ವರ್ಷ ಆ ಹೊಲ ಯಾರ ಕೈಯಲ್ಲಿರುತ್ತದೋ ತಿಳಿಯದಿರುವಾಗ ಮೂರು ವರ್ಷದ ಪರಿವರ್ತನೆಯನ್ನು ನಾನೇಕೆ ಮಾಡಬೇಕು? ಲಾವಣಿ ಹಣ ಬಿತ್ತನೆಗೂ ಮೊದಲೇ ಕೊಟ್ಟಾಗಿರುತ್ತದೆ, ಅದನ್ನು ಹಿಂದಕ್ಕೆ ತರುವ ಬೆಳೆ ತೊಗರಿಯೊಂದೇ.

ರೋಣದ ಕಡಲೆ:
ಲಾವಣಿಯವರ ಕಷ್ಟ ಅರ್ಥವಾಗುತ್ತದೆ, ಆದರೆ ತೊಗರಿಯ ಬೆಲೆಯನ್ನೇ ನಂಬಿ ಕೂರುವುದೂ ಸುಭದ್ರವಲ್ಲ. 2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದ್ದನ್ನು ಕಂಡು ಮರುವರ್ಷ ಎಲ್ಲರೂ ತೊಗರಿಯನ್ನೇ ಬಿತ್ತಿದರು, ಮಳೆಯೂ ಕೈಹಿಡಿಯಿತು, ಆಗ ಮಾರುಕಟ್ಟೆ ದರ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. 2021ರ ಮೇ ತಿಂಗಳಿನಲ್ಲಿ ತೊಗರಿ ಆಮದಿನ ಮೇಲಿದ್ದ ಮಿತಿಯನ್ನು ತೆಗೆದ ಮೇಲೆ ಆಫ್ರಿಕಾ ಮತ್ತು ಮ್ಯಾನ್ಮಾರ್‌ನಿಂದ ಬರುವ ಕಾಳಿನ ಜೊತೆಗೂ ಸ್ಪರ್ಧಿಸಬೇಕಾಗಿದೆ. ಒಂದೇ ಬೆಳೆಗೆ ಜೋತು ಬಿದ್ದವರಿಗೆ ರೋಗದ ಹೊಡೆತವೂ ದರದ ಹೊಡೆತವೂ ಒಂದೇ ವರ್ಷ ಬೀಳಬಹುದು.

ಔರಾದ್ ಸೋಯಾ:
ನಮ್ಮ ಬೀದರ್ ಕಡೆ ಸೋಯಾ ಅವರೆಯೇ ಎಣ್ಣೆಕಾಳು. ಮುಂಗಾರಿಗೆ ಸೋಯಾ, ಹಿಂಗಾರಿಗೆ ಕಡಲೆ. ಮಾರುಕಟ್ಟೆ ಇದೆ, ಯಂತ್ರ ಇದೆ, ಬೇರೆ ತಲೆನೋವಿಲ್ಲ.

ಮಣ್ಣು ಪರೀಕ್ಷೆ:
ಸೋಯಾ ಎಣ್ಣೆಕಾಳೂ ಹೌದು, ದ್ವಿದಳವೂ ಹೌದು. ಶೇಂಗಾ ಕೂಡ ಹಾಗೆಯೇ. ಸೋಯಾ ಮತ್ತು ಕಡಲೆಯ ಸರದಿ ಮಾರುಕಟ್ಟೆಯ ದೃಷ್ಟಿಯಿಂದ ಬೇಳೆ-ಎಣ್ಣೆಕಾಳಿನ ಪರಿವರ್ತನೆ. ಮಣ್ಣಿನ ದೃಷ್ಟಿಯಿಂದ ಮಾತ್ರ ದ್ವಿದಳದ ಮೇಲೆ ದ್ವಿದಳ. ಬೇರುಗಂಟಿನ ಸಾರಜನಕವನ್ನು ಬಳಸಿಕೊಳ್ಳುವ ಬೆಳೆ ನಡುವೆ ಇರಬೇಕು, ಅದು ಜೋಳ ಅಥವಾ ಸಜ್ಜೆಯಾಗಿರಬಹುದು, ಕುಸುಬೆ ಅಥವಾ ಸೂರ್ಯಕಾಂತಿಯಾಗಿರಬಹುದು. ಇನ್ನೊಂದು ಕೊರತೆಯ ಬಗ್ಗೆ ಇಲ್ಲಿ ಯಾರೂ ಬರೆದಿಲ್ಲ. ಎಣ್ಣೆಕಾಳಿಗೆ ಗಂಧಕ ಬೇಕೇಬೇಕು, ಬೇಳೆಕಾಳಿನ ಸಸಾರಜನಕಕ್ಕೂ ಅದು ಬೇಕು. ಮೊದಲು ಸೂಪರ್ ಫಾಸ್ಫೇಟ್ ಹಾಕುತ್ತಿದ್ದಾಗ ರಂಜಕದ ಜೊತೆಗೆ ಸುಮಾರು ಶೇಕಡಾ 11 ಗಂಧಕವೂ ಭೂಮಿಗೆ ಸೇರುತ್ತಿತ್ತು. ಈಗ ಎಲ್ಲರೂ ಡಿಎಪಿಗೆ ಹೋಗಿದ್ದಾರೆ. ಅದರಲ್ಲಿ ಸಾರಜನಕ 18, ರಂಜಕ 46, ಗಂಧಕ ಏನೂ ಇಲ್ಲ. ವರ್ಷಗಟ್ಟಲೆ ತೊಗರಿ ಮತ್ತು ಡಿಎಪಿ ಕಂಡ ಹೊಲಕ್ಕೆ ಏಕಾಏಕಿ ಕುಸುಬೆ ಹಾಕಿ, ಕಾಳು ಜೊಳ್ಳಾಯಿತೆಂದು ಬೆಳೆಯನ್ನು ದೂರುವವರನ್ನು ಕಂಡಿದ್ದೇನೆ. ಮಣ್ಣು ಪರೀಕ್ಷೆಯಲ್ಲಿ ಗಂಧಕವನ್ನೂ ನೋಡಿಸಿ, ಕಡಿಮೆಯಿದ್ದರೆ ಜಿಪ್ಸಂ ಕೊಡಿ.

ಔರಾದ್ ಸೋಯಾ:
ಮಣ್ಣಿನ ವಿಚಾರ ಒಪ್ಪಿದೆ. ಜೋಳ ಹಾಕಿ ಎಂದು ಹೇಳುವುದು ಸುಲಭ, ತೆನೆ ಹಾಲುಗಾಳಾದಾಗ ಹಕ್ಕಿ ಕಾಯುವವರು ಯಾರು?

ಸಿಂದಗಿ ಬಿಳಿಜೋಳ:
ಊರಲ್ಲಿ ನೀವೊಬ್ಬರೇ ಜೋಳ ಹಾಕಿದರೆ ಹಕ್ಕಿಯೆಲ್ಲ ನಿಮ್ಮ ಹೊಲಕ್ಕೇ ಬರುತ್ತದೆ. ಹತ್ತು ಮಂದಿ ಹಾಕಿದರೆ ಹಂಚಿಹೋಗುತ್ತದೆ. ದನ ಕಟ್ಟಿದವರಿಗೆ ಕಣಕಿಯ (ಜೋಳದ ಒಣ ಮೇವು) ದರವನ್ನೂ ಕಾಳಿನ ಜೊತೆಗೆ ಕೂಡಿಸಿ ನೋಡಲು ಹೇಳಿ, ಆಗ ಜೋಳ ಸೋಯಾಕ್ಕಿಂತ ಹಿಂದೆ ಬೀಳುವುದಿಲ್ಲ.

ಸಸ್ಯರೋಗ ಅಧ್ಯಯನ:
ಜೋಳದ ಪರವಾಗಿ ನಾನೂ ಒಂದು ಮಾತು ಸೇರಿಸುತ್ತೇನೆ. ತೊಗರಿಯನ್ನು ಜೋಳದೊಂದಿಗೆ ಅಂತರಬೆಳೆಯಾಗಿ ಬೆಳೆದಾಗ ಅಥವಾ ಒಂದು ವರ್ಷ ಜೋಳಕ್ಕೆ ಬಿಟ್ಟಾಗ ನೆಟೆ ರೋಗ ಗಣನೀಯವಾಗಿ ಇಳಿಯುತ್ತದೆ ಎಂಬುದು ಪಟಾನ್‌ಚೆರುವಿನ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ನಡೆದ ಪ್ರಯೋಗಗಳಲ್ಲಿ ಕಂಡುಬಂದಿದೆ. ನಮ್ಮ ಹಿರಿಯರ ಜೋಳ-ತೊಗರಿಯ ಅಕ್ಕಡಿಯನ್ನು ಹಳೆಯ ಪದ್ಧತಿಯೆಂದು ಬಿಟ್ಟುಬಿಟ್ಟದ್ದರಿಂದ ನಾವು ಕಳೆದುಕೊಂಡದ್ದು ಹೆಚ್ಚು. ಬೆಳೆ ಬದಲಿಸಿದರೂ ಬಗೆಹರಿಯದ ಎರಡು ಸಂಗತಿಗಳನ್ನೂ ಹೇಳಿಬಿಡುತ್ತೇನೆ. ತೊಗರಿ ಗಿಡ ಹೂಕಾಯಿ ಬಿಡದಂತಾಗುವ ಗೊಡ್ಡು ರೋಗ ಮಣ್ಣಿನಿಂದ ಬರುವುದಿಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಅದನ್ನು ಗಾಳಿಯಲ್ಲಿ ತರುತ್ತದೆ; ಬದುವಿನ ಮೇಲೆ ಮತ್ತು ಹಿತ್ತಿಲಲ್ಲಿ ಬೇಸಿಗೆಯಿಡೀ ಚಿಗುರುವ ತೊಗರಿ ಗಿಡಗಳನ್ನು ಕಿತ್ತುಹಾಕುವುದೇ ಅದಕ್ಕೆ ದಾರಿ. ಕಾಯಿಕೊರಕ ಹುಳುವಿನ ಪತಂಗ ತೊಗರಿ, ಕಡಲೆ, ಸೂರ್ಯಕಾಂತಿ, ಹತ್ತಿ ಎಲ್ಲದರ ಮೇಲೂ ಮೊಟ್ಟೆಯಿಡುತ್ತದೆ, ಊರಿಂದೂರಿಗೆ ಹಾರುತ್ತದೆ. ಒಬ್ಬರ ಹೊಲದ ಪರಿವರ್ತನೆಯಿಂದ ಅದು ಕಡಿಮೆಯಾಗುವುದಿಲ್ಲ.

ಚಳ್ಳಕೆರೆ ಶೇಂಗಾ:
ನೀವೆಲ್ಲ ಎರೆಭೂಮಿಯವರು, ನಮ್ಮದು ಕೆಂಪು ಮಸಾರಿ. ಇಲ್ಲಿ ಎಣ್ಣೆಕಾಳೇ ಏಕಬೆಳೆಯಾಗಿ ಬೇಳೆಕಾಳನ್ನು ಹೊರಗೆ ಹಾಕಿದೆ. ನವಣೆ, ಸಾವೆ, ಹುರುಳಿ, ಅವರೆ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ವರ್ಷವರ್ಷವೂ ಶೇಂಗಾ. ಎಲೆಚುಕ್ಕೆ, ಬುಡಕೊಳೆ ತಪ್ಪಿದ್ದಲ್ಲ. ಶೇಂಗಾದ ಬುಡಕೊಳೆಯ ಶಿಲೀಂಧ್ರ ಕಡಲೆಯನ್ನೂ ಹಿಡಿಯುತ್ತದೆ ಎಂದು ಕೇಳಿದ್ದೇನೆ, ಓದಿದವರು ಹೇಳಬೇಕು. ಪಕ್ಕದ ಅನಂತಪುರ ಜಿಲ್ಲೆಯಲ್ಲಿ 2000ನೇ ಇಸವಿಯಲ್ಲಿ ಶೇಂಗಾದ ಕಾಂಡ ಒಣಗುವ ನಂಜುರೋಗ ಬಂದು ಲಕ್ಷಗಟ್ಟಲೆ ಎಕರೆ ಹಾಳಾಯಿತು. ಅದಕ್ಕೂ ಮೊದಲು 1997ರಲ್ಲಿ ಬಾಗೇಪಲ್ಲಿ ಕಡೆ ಸೂರ್ಯಕಾಂತಿಯಲ್ಲಿ ಕಾಣಿಸಿಕೊಂಡದ್ದೂ ಅದೇ ನಂಜು. ಪಾರ್ಥೇನಿಯಂ ಕಳೆಯ ಪರಾಗದಲ್ಲಿ ನಂಜು ಇರುತ್ತದೆ, ಥ್ರಿಪ್ಸ್ ನುಸಿ ಅದನ್ನು ಬೆಳೆಗೆ ಮುಟ್ಟಿಸುತ್ತದೆ. ಬದುವಿನ ಪಾರ್ಥೇನಿಯಂ ಕೀಳದೆ ಸೂರ್ಯಕಾಂತಿಯಿಂದ ಶೇಂಗಾಕ್ಕೆ, ಶೇಂಗಾದಿಂದ ಸೂರ್ಯಕಾಂತಿಗೆ ಬದಲಿಸಿದರೆ ಪ್ರಯೋಜನವೇನು?

ಸಸ್ಯರೋಗ ಅಧ್ಯಯನ:
ನೀವು ಕೇಳಿದ್ದು ಸರಿಯಾಗಿದೆ. ಸ್ಕ್ಲೆರೋಷಿಯಂ ರೋಲ್ಫ್ಸಿ ಶೇಂಗಾದಲ್ಲಿ ಬುಡಕೊಳೆ, ಕಡಲೆಯ ಸಸಿಯಲ್ಲಿ ಕತ್ತುಕೊಳೆ ತರುತ್ತದೆ. ಸೋಯಾವನ್ನೂ ಅದು ಬಿಡುವುದಿಲ್ಲ. ಔರಾದಿನವರು ಸೋಯಾ ಕೊಯ್ದ ಕೂಡಲೇ, ಅರೆಕೊಳೆತ ಕಸದ ನಡುವೆ, ಹಸಿ ಹೆಚ್ಚಿರುವಾಗ ಕಡಲೆ ಬಿತ್ತಿದರೆ ಸಸಿ ಸಾಯುವುದು ಇದರಿಂದಲೇ. ಕಸ ಕೊಳೆಯಲು ಸಮಯ ಕೊಡಬೇಕು, ಬೀಜಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಲೇಪಿಸಬೇಕು. ಥ್ರಿಪ್ಸ್ ನುಸಿಯಲ್ಲ, ರೆಕ್ಕೆಯುಳ್ಳ ಸಣ್ಣ ಕೀಟ. ಉಳಿದಂತೆ ನಿಮ್ಮ ವಿವರಣೆಗೆ ನಾನು ಸೇರಿಸಬೇಕಾದದ್ದೇನೂ ಇಲ್ಲ.

ಸೇಡಂ ಅಕ್ಕ:
ರೋಣದವರು ಹೆಸರನ್ನು ಶಿಫಾರಸು ಮಾಡಿದ್ದಾರೆ. ನಮ್ಮ ಕಲಬುರಗಿ ಸೀಮೆಯಲ್ಲಿ ಹೆಸರಿನ ಕಾಯಿ ಒಣಗುವ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ತಿಂಗಳಲ್ಲಿಯೇ ಜೋರು ಮಳೆ ಹಿಡಿಯುತ್ತದೆ, ಕಾಯಿಯಲ್ಲಿಯೇ ಕಾಳು ಮೊಳಕೆಯೊಡೆಯುತ್ತದೆ. ಜೂನ್ ತಿಂಗಳ ಮೃಗಶಿರ ಮಳೆಗೆ ಬಿತ್ತಿದವರು ಬಚಾವಾಗುತ್ತಾರೆ, ಜುಲೈ ತಿಂಗಳ ಪುನರ್ವಸುವಿಗೆ ಬಿತ್ತಿದವರು ಕಳೆದುಕೊಳ್ಳುತ್ತಾರೆ.

ರೋಣದ ಕಡಲೆ:
ಅದು ನಿಜವಾದ ತೊಡಕು, ಅಕ್ಕ. ಮುಂಗಾರು ತಡವಾದರೆ ಹೆಸರಿನ ಆಸೆ ಬಿಟ್ಟು ಹೊಲವನ್ನು ಹಿಂಗಾರಿಗೆ ಉಳಿಸುವುದೇ ಒಳ್ಳೆಯದು. ಕಾಯಿ ಬಿಡಿಸಲು ಆಗದಷ್ಟು ಮಳೆಯಾದರೂ ಗಿಡವನ್ನು ಮಣ್ಣಿಗೆ ಸೇರಿಸಿದರೆ ಮುಂದಿನ ಜೋಳಕ್ಕೋ ಕುಸುಬೆಗೋ ಗೊಬ್ಬರವಾಗುತ್ತದೆ. ಇದು ನಷ್ಟವನ್ನು ತುಂಬಿಕೊಡುವುದಿಲ್ಲ ಎಂಬುದು ನನಗೂ ಗೊತ್ತು.

ಆಳಂದ ಎರೆಹೊಲ:
ಎಲ್ಲರಿಗೂ ಶರಣು. ಹೀಗೆ ಮಾಡಬೇಕೆಂದಿದ್ದೇನೆ, ತಪ್ಪಿದ್ದರೆ ತಿದ್ದಿರಿ. ಹೊಲವನ್ನು ನಾಲ್ಕು ನಾಲ್ಕು ಎಕರೆಯ ಮೂರು ಪಟ್ಟಿ ಮಾಡುವುದು. ನೆಟೆ ಹೆಚ್ಚಿರುವ ನಡುವಿನ ಪಟ್ಟಿಯಲ್ಲಿ ಮೃಗಶಿರ ಮಳೆ ಬಂದರೆ ಹೆಸರು, ಅದರ ಹಿಂದೆ ಹಿಂಗಾರಿ ಜೋಳ. ದಿಬ್ಬದ ಪಟ್ಟಿಯನ್ನು ಮುಂಗಾರಿನಲ್ಲಿ ಚೌಕು ಮಡಿ ಮಾಡಿ ಬಿಟ್ಟು ಹಿಂಗಾರಿಗೆ ಕುಸುಬೆ. ರೋಗ ಕಾಣಿಸದ ಮೂರನೆಯ ಪಟ್ಟಿಯಲ್ಲಿ ಮಾತ್ರ ಹೊಸ ಬೀಜದ ತೊಗರಿ, ನಡುವೆ ಜೋಳದ ಸಾಲು. ಆಮೇಲೆ ವರ್ಷಕ್ಕೊಂದು ಪಟ್ಟಿಯಂತೆ ಸರದಿ ತಿರುಗಿಸುವುದು.

ಸಿಂದಗಿ ಬಿಳಿಜೋಳ:
ದಿಬ್ಬದಲ್ಲಿ ಮಣ್ಣು ತೆಳುವೆಂದು ನೀವೇ ಬರೆದಿದ್ದೀರಿ. ಹಿಂಗಾರಿ ಕುಸುಬೆಗೆ ಆಳದ ಮಣ್ಣು ಬೇಕು, ಅಲ್ಲಿ ತೇವ ನಿಲ್ಲುವುದಿಲ್ಲ. ಕುಸುಬೆಯನ್ನು ನಡುವಿನ ಪಟ್ಟಿಗೆ ತನ್ನಿ, ದಿಬ್ಬಕ್ಕೆ ಮುಂಗಾರಿನಲ್ಲಿಯೇ ಸಜ್ಜೆ ಹಾಕಿ ಮುಗಿಸಿ.

ಸಸ್ಯರೋಗ ಅಧ್ಯಯನ:
ಸಿಂದಗಿಯವರು ಹೇಳಿದಂತೆಯೇ ಮಾಡಿ. ದಿಬ್ಬದಲ್ಲಿರುವುದು ಒಣ ಬೇರು ಕೊಳೆಯಾದ್ದರಿಂದ, ತೇವ ಕಡಿಮೆಯಾಗಿ ಬೆಳೆ ಬಳಲಿದಷ್ಟೂ ಅದು ಹೆಚ್ಚುತ್ತದೆ. ಅಲ್ಲಿ ಎಳ್ಳು ಬೇಡ, ಹೆಸರೂ ಬೇಡ, ಸಜ್ಜೆಯೇ ಸರಿ. ಸರದಿಯನ್ನು ಮೂರೂ ಪಟ್ಟಿಗಳಲ್ಲಿ ಒಂದೇ ರೀತಿ ತಿರುಗಿಸುವ ಅಗತ್ಯವಿಲ್ಲ. ದಿಬ್ಬಕ್ಕೆ ತೊಗರಿಯನ್ನು ಕೆಲವು ವರ್ಷ ತರಲೇಬೇಡಿ. ಈ ವರ್ಷ ಕೊಯ್ಲಾದ ಕೂಡಲೇ ನಡುವಿನ ಪಟ್ಟಿಯ ತೊಗರಿ ಕೂಳೆಯನ್ನು ಬೇರುಸಮೇತ ಕೀಳಿಸಿ ಹೊಲದ ಹೊರಗೆ ಹಾಕಿಸಿ, ಒಲೆಗೆ ಬಳಸಿದರೂ ಆಗುತ್ತದೆ. ರೋಟಾವೇಟರ್ ಹೊಡೆಸಿ ಪುಡಿ ಮಾಡಿಸಿದರೆ ರೋಗದ ತುಣುಕುಗಳನ್ನು ಹೊಲವಿಡೀ ಬಿತ್ತಿದಂತಾಗುತ್ತದೆ.

ಜೇವರ್ಗಿ ಲಾವಣಿ:
ಬೆಳೆ ವಿಮೆ ಕಟ್ಟುವ ಮುನ್ನ ಕುಸುಬೆ ಮತ್ತು ಸಜ್ಜೆ ನಿಮ್ಮ ಹೋಬಳಿಯ ಅಧಿಸೂಚಿತ ಬೆಳೆಗಳ ಪಟ್ಟಿಯಲ್ಲಿ ಇವೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಬೆಳೆ ಸಮೀಕ್ಷೆಯಲ್ಲಿ ಮೂರು ಪಟ್ಟಿಯನ್ನೂ ಬೇರೆ ಬೇರೆಯಾಗಿ ದಾಖಲಿಸಿ. ಹಳೆಯ ರೂಢಿಯಂತೆ ಇಡೀ ಸರ್ವೆ ನಂಬರಿಗೆ ತೊಗರಿ ಎಂದು ಬರೆದುಬಿಟ್ಟರೆ ಪರಿಹಾರದ ಹೊತ್ತಿಗೆ ಜಗಳವಾಗುತ್ತದೆ.

ಎಣ್ಣೆ ಗಾಣ, ಬಸವಕಲ್ಯಾಣ:
ಆಳಂದದ ಅಣ್ಣನವರೇ, ನಾಲ್ಕು ಎಕರೆಯ ಕುಸುಬೆಯನ್ನು ನಾನೊಬ್ಬನೇ ಕೊಳ್ಳಬಲ್ಲೆ. ಕಾಳನ್ನು ಚೆನ್ನಾಗಿ ಒಣಗಿಸಿ, ಮಣ್ಣು ಕಲ್ಲಿಲ್ಲದಂತೆ ತೂರಿ ತನ್ನಿ. ದರವನ್ನು ಬಿತ್ತನೆಗೆ ಮೊದಲೇ ಕೂತು ಮಾತನಾಡೋಣ.